ನೀಲಿ ಬಳಿದ ಗೋಡೆ

ಮಾರ್ಚ್ ೧೪, ಶುಕ್ರವಾರ

ನಾಳೆ ಬೆಳಗ್ಗೆ ವಿಮಾನ. ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ.

ಸ್ವಯಂಸೇವೆಗೆಂದು ಪರದೇಶಕ್ಕೆ ಬಂದ ನಾವು ಹನ್ನೆರಡು ಜನ ಮೂರು ವಾರ ಇಲ್ಲಿನ ಒಂದು ಊರಿನ ಶಾಲೆಗೆ ಬಣ್ಣ ಬಳಿದೆವು. ಇವತ್ತು ಬೀಳ್ಕೊಡುಗೆ. ನನ್ನನ್ನು ಮನೆಯಲ್ಲಿಟ್ಟುಕೊಂಡಿದ್ದ ಆ ಊರಿನ ಅಕ್ಕ ಅದೇ ಶಾಲೆಯಲ್ಲಿ ಕಸ ಗುಡಿಸುವವಳು. ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತೆ.

"ಆ ನೀಲಿ ಗೋಡೆ ನೋಡಿದಾಗಲಾದ್ರೂ ನನ್ನ ನೆನಪು ಮಾಡ್ಕೊಳ್ಳಕ್ಕಾ."

ಅವಳು ನನ್ನ ಕಣ್ಣೊರೆಸಿದಳು. "ನೀಲಿ ಎಲ್ಲಿರತ್ತಮ್ಮಾ? ಮುಂದಿನ ತಿಂಗಳು ಇನ್ನೊಂದು ತಂಡ ಬರತ್ತಲ್ಲ, ಅವರಿಗೂ ಕೆಲಸ ಬೇಡ್ವಾ? ನಿಮಗಿಂತ ಮುಂಚೆ ಬಂದವರು ಹಳದಿ ಬಳಿದಿದ್ರು."

ಆ ಹಳದಿಯನ್ನು ಉಜ್ಜಿ ತೆಗೆದವಳು ನಾನೇ. ಬಣ್ಣ ಎಲ್ಲೂ ಮಾಸಿಲ್ಲವಲ್ಲ ಎಂದು ಅವತ್ತೇ ಅನ್ನಿಸಿದರೂ ಬಾಯಿ ಬಿಟ್ಟಿರಲಿಲ್ಲ.

"ಮತ್ತೆ ವರ್ಷವೆಲ್ಲಾ ಮಕ್ಕಳ ಪಾಠ?"

"ವರಾಂಡದಲ್ಲೇ. ಬಿಸಿಲು ಬಂತು ಅಂದ್ರೆ ಮನೆಗೆ ಬಿಟ್ಟುಬಿಡ್ತಾರೆ. ನಮ್ಮ ಹುಡುಗಿ ಈ ಸಲ ಲೆಕ್ಕದಲ್ಲಿ ಫೇಲು."

ತನ್ನ ಮಂಚ ನನಗೆ ಬಿಟ್ಟು ಮೂರು ವಾರ ನೆಲದ ಮೇಲೆ ಮಲಗಿದ ಹುಡುಗಿ. ಅಕ್ಕನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಸ್ಸಿನಲ್ಲಿ ನಮ್ಮ ತಂಡದ ಮೇಡಂ ಅನಿಸಿಕೆ ಬರೆಯಲು ಹಾಳೆ ಹಂಚಿದರು. ಇದನ್ನೆಲ್ಲ ಬರೆಯಬೇಕೆಂದೇ ಪೆನ್ನು ತೆಗೆದೆ. ಪಕ್ಕದವಳು ಇಣುಕಿದಳು. 'ಜನ್ಮದಲ್ಲಿ ಮರೆಯಲಾರದ ಮೂರು ವಾರ' ಎಂದು ಗೀಚಿ ಕೊಟ್ಟುಬಿಟ್ಟೆ.

ಮುಂದಿನ ತಂಡಕ್ಕೆ ಜನ ಸೇರಿಸುವ ಕರಪತ್ರದಲ್ಲಿ ಮೇಡಂ ಆ ಸಾಲನ್ನೇ ಹಾಕಿಸುತ್ತಾರಂತೆ. ನಾನು ಆಗಲಿ ಎಂದೆ.