ಭಾನು ಮಿಸ್ಸಿನ ಕೋಳಿ ಪಾಠ

ಹಳ್ಳಿಮೈಸೂರು
14 ಫೆಬ್ರವರಿ 2025, ಶುಕ್ರವಾರ

ಪ್ರೀತಿಯ ಮಗ ಕೀರ್ತಿರಾಜನಿಗೆ,

ನಿನ್ನಪ್ಪ ಗುಂಡಯ್ಯ ಮನಸಾರೆ ಹರಸಿ ಬರೆಯುವುದು. ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಹುಬ್ಬಳ್ಳಿಯ ರೊಟ್ಟಿ ಒಗ್ಗಿತೇ, ಇಲ್ಲಾ ಈಗಲೂ ಮುದ್ದೆ ಮುದ್ದೆ ಅಂತ ಕನವರಿಸುತ್ತೀಯೋ? ರೈಲ್ವೆ ಆಫೀಸಿನ ಕುರ್ಚಿಯಲ್ಲಿ ದಿನವಿಡೀ ಕೂರಬೇಡ, ಆಗಾಗ ಎದ್ದು ಓಡಾಡು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮಮ್ಮನ ಮಂಡಿ ಮಾತ್ರ ತಕರಾರು ಮಾಡುತ್ತದೆ, ಬಾಯಿಗೆ ಏನೂ ಆಗಿಲ್ಲ. ಕೈಯಲ್ಲಿ ಮೊಬೈಲು ಇಟ್ಟುಕೊಂಡು ಅಪ್ಪ ಯಾಕೆ ಕಾಗದ ಬರೆದ ಅಂತ ಗಾಬರಿಯಾಗಬೇಡ. ನಮ್ಮ ಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಎಲ್ಲರಿಗೂ ಕೇಳುತ್ತದೆ, ಇದು ನಿನಗೊಬ್ಬನಿಗೇ ಹೇಳಬೇಕಾದ ಮಾತು. ನನಗೋ, ಬಸ್ಸಿನಲ್ಲಿ ಕಂಡಕ್ಟರಾಗಿ ಕೂಗಿ ಕೂಗಿ, ರಿಟೈರಾದ ಮೇಲೂ ಮೆಲ್ಲಗೆ ಮಾತಾಡುವುದು ಬಂದಿಲ್ಲ.

ವಿಷಯ ಭಾನುವಿನದು. ನಿನ್ನ ಹೆಂಡತಿ ಬಿ.ಎಡ್. ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾಳೆ. ಪಾಠ ಇನ್ನೊಂದು ಸಲ ಮಾಡಬೇಕಂತೆ ಅಂತಷ್ಟೇ ನಿನಗೆ ಹೇಳಿರುತ್ತಾಳೆ, ನಡೆದದ್ದು ಕೇಳು. ಹೋದ ಮಂಗಳವಾರ ಹಾಸನದಿಂದ ಪರೀಕ್ಷಕರು ಬಂದು, ಅವಳನ್ನು ತರಬೇತಿಗೆ ಹಾಕಿರುವ ಹೈಸ್ಕೂಲಿನ ಹಿಂದಿನ ಬೆಂಚಿನಲ್ಲಿ ಕೂತು, ಅವಳ ಇಂಗ್ಲಿಷ್ ಪಾಠ ನೋಡುವವರಿದ್ದರು. ಗೌರಿ ಅಂತ ಒಬ್ಬ ಮುದುಕಿ, ಅವಳದೊಂದು ಕೋಳಿ, ಅದು ಕಳೆದುಹೋಗಿ ಸಿಗುವುದು, ಇಷ್ಟೇ ಪಾಠ. ಅದಕ್ಕೆ ಹುಡುಗಿ ಪಟ್ಟ ಪಾಡು ನೀನು ನೋಡಬೇಕಿತ್ತು. ಸಂಜೆಯಾದರೆ ನಾನೂ ನಿಮ್ಮಮ್ಮನೂ ಪಡಸಾಲೆಯಲ್ಲಿ ಮಕ್ಕಳಾಗಿ ಕೂರಬೇಕು. ನಿಮ್ಮಮ್ಮ ಅವರೆಕಾಯಿ ಸುಲಿಯುತ್ತಲೇ "ಎ ಹೆನ್, ಮಿಸ್" ಅನ್ನುವಳು. ಆಮೇಲೆ "ನಮ್ ಕೋಳಿ ಎಲ್ ಓಯ್ತೋ ಗೊತ್ತಿಲ್ಲ, ಈ ಗೌರಿ ಕೋಳಿ ಉಡುಕ್ತಾ ಕುಂತಿವ್ನಿ ಕಣವ್ವಾ" ಅಂತ ಸೊಸೆಯನ್ನೂ ನಗಿಸುವಳು.

ಅಷ್ಟಾದರೂ ಧೈರ್ಯ ಸಾಲದೆ ಭಾನು ಶಾಲೆಯಲ್ಲೂ ಅದೇ ಪಾಠವನ್ನು, ಅವೇ ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಕೇಳಿ ಮಕ್ಕಳಿಗೆ ಮೊದಲೇ ರೂಢಿ ಮಾಡಿಸಿಬಿಟ್ಟಿದ್ದಳು. ಅವಳ ಜೊತೆಯವರೂ ಹೀಗೇ ಮಾಡುತ್ತಾರಂತೆ. ಮಂಗಳವಾರ ಪರೀಕ್ಷಕರನ್ನು ಕಂಡಿದ್ದೇ ಗಾಬರಿಯಾಗಿ, ಮುದುಕಿಯ ಹೆಸರೇನು ಅನ್ನುವ ಮೊದಲನೇ ಪ್ರಶ್ನೆ ಮರೆತು ಎರಡನೆಯದರಿಂದ ಶುರು ಮಾಡಿದಳು. ಮಕ್ಕಳು ಮರೆಯುತ್ತವೆಯೇ? ಕಲಿತ ಸಾಲಿನಂತೆಯೇ ಉತ್ತರ ಕೊಟ್ಟವು. ಮುದುಕಿ ಏನು ಸಾಕಿದ್ದಳು ಅಂತ ಇವಳು ಇಂಗ್ಲಿಷಿನಲ್ಲಿ ಕೇಳಿದರೆ ಇಡೀ ಕ್ಲಾಸು "ಗೌರಿ!" ಅಂದಿತು. ಕೋಳಿ ಎಲ್ಲಿ ಅಡಗಿತ್ತು ಅಂದರೆ "ಎ ಹೆನ್!" ಯಾರು ಹುಡುಕಿಕೊಟ್ಟರು ಅಂದರೆ "ಅಂಡರ್ ದ ಕಾರ್ಟ್!" ಅಂದರೆ ಗಾಡಿಯ ಕೆಳಗೆ ಅಂತ. ಒಂದೊಂದೂ ಹೆಂಚು ಹಾರುವಷ್ಟು ಜೋರು. ಪರೀಕ್ಷಕರು ಬಾಯಿಗೆ ಕರ್ಚೀಫು ಒತ್ತಿಕೊಂಡರಂತೆ. ಬರುವ ಗುರುವಾರ ಬೇರೆ ಪಾಠ ಮಾಡಿ ತೋರಿಸು ಅಂತ ಹೇಳಿ ಹೋದರು. ಕೇಳಿ ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ, ಅವಳ ಮುಖ ನೋಡಿ ನುಂಗಿಕೊಂಡೆ. ಮಾರನೇ ದಿನ ಶಾಲೆಗೆ ಹೊರಡಲೇ ಇಲ್ಲ. "ನಂಗೆ ಕಲಿಸೋಕೆ ಬರಲ್ಲ ಮಾವ" ಅಂದಳು. ನಮ್ಮ ಮನೆಯಿಂದ ಒಬ್ಬಳು ಮೇಡಂ ಆಗುತ್ತಾಳೆ ಅಂತ ಊರೆಲ್ಲ ಬೀಗುತ್ತಿದ್ದ ನಾನು ಅವತ್ತು ಮನೆಯಿಂದಾಚೆಗೇ ಹೋಗಲಿಲ್ಲ.

ನಿನ್ನೆ ಮಧ್ಯಾಹ್ನ ನೀಲಾಂಬಿಕೆ ಮೇಡಂ ಸ್ಕೂಟರಿನಲ್ಲಿ ಮನೆಗೇ ಬಂದರು. ಆ ಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವರು, ಭಾನುವಿಗೆ ದಾರಿ ತೋರಿಸಲು ಅವರನ್ನೇ ಹಾಕಿದ್ದಾರೆ. ಬೈಯಲು ಬಂದರೇನೋ ಅಂದುಕೊಂಡೆ. ಆಕೆ ಕಾಫಿ ಲೋಟ ಕೆಳಗಿಟ್ಟು ಹೇಳಿದ್ದೇ ಬೇರೆ. "ನನ್ ಕ್ಲಾಸಲ್ಲಿ ನಾನೇ ಪ್ರಶ್ನೆ ಕೇಳ್ತೀನಿ, ನಾನೇ ಉತ್ತರ ಬೋರ್ಡ್ ಮೇಲೆ ಬರೀತೀನಿ ಭಾನು. ಆ ಮಕ್ಳು ಬಾಯ್ಬಿಟ್ಟು ಇಂಗ್ಲಿಷ್ ಕೂಗಿದ್ದು ನಿನ್ ಕ್ಲಾಸಲ್ಲೇ. ತಪ್ಪೋ ಸರಿನೋ, ಹೆದರಲಿಲ್ವಲ್ಲ! ನಂಗದು ಬರಲ್ಲ ಕಣಮ್ಮಾ. ಗುರುವಾರ ನಾನೂ ಹಿಂದೆ ಕೂತು ಕಲೀತೀನಿ" ಅಂದರು. ಹೇಳುವಾಗ ಕಣ್ಣು ತೇವವಾಗಿತ್ತು. ಅಷ್ಟು ವರ್ಷ ಕಲಿಸಿದವರಿಗೂ ಒಳಗೊಳಗೇ ಅಳುಕಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಭಾನುವಿನ ಮುಖ ಅರಳಿತು. ಸಂಜೆ ನಮ್ಮಿಬ್ಬರನ್ನು ಮತ್ತೆ ಕೂರಿಸಿಕೊಂಡು, ಗುರುವಾರ ಮಾಡಬೇಕಾದ ಕುಂಬಾರನ ಪಾಠ ಶುರು ಮಾಡಿದಳು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ, ಆದರೆ ಆ ದನಿ ಕೇಳುತ್ತಾ ಕೂತೇ ಇರೋಣ ಅನ್ನಿಸಿತು. ಇಷ್ಟೆಲ್ಲ ಆಗಿ, ಊಟದ ಹೊತ್ತಿಗೆ ನೋಡಿದರೆ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ ಕೂತಿದ್ದಾಳೆ.

ನಿಮ್ಮಮ್ಮ ಹುರುಳಿಕಾಳು, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಆ ಕಡೆ ಬರುವವರಿದ್ದರೆ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಬಿಸಿಲಲ್ಲಿ ತಿರುಗಬೇಡ. ಹೋದಲ್ಲೆಲ್ಲ ನಿನಗೆ ಒಳ್ಳೆಯದಾಗಲಿ, ನಿನ್ನಿಂದಲೂ ನಾಲ್ಕು ಜನಕ್ಕೆ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಗುಂಡಯ್ಯ

ಮರೆತದ್ದಲ್ಲ, ಬರೆಯಲು ಕೈ ಹಿಂಜರಿಯುತ್ತಿತ್ತು. ಪಾಠ ಮುಗಿದು ಪುಸ್ತಕ ಅಟ್ಟಕ್ಕೆ ಹೋಗುವ ನಡುವೆ ಬಂದದ್ದು ನಿನ್ನ ಫೋನು. ಅವಳು ಅದೇ ಹುರುಪಿನಲ್ಲಿ ಮೇಡಂ ಬಂದಿದ್ದನ್ನು ನಿನಗೆ ಇಂಗ್ಲಿಷಿನಲ್ಲೇ ಹೇಳಲು ಹೊರಟಳು. ನೀನು ತಡೆದು ಒಂದು ಮಾತು ತಿದ್ದಿದೆಯಲ್ಲ, ಆಮೇಲೆ ನಕ್ಕೆಯಲ್ಲ, ಆ ನಗು ನನಗೂ ಕೇಳಿಸಿತು. ಅವಳು ಥಟ್ಟನೆ ಕನ್ನಡಕ್ಕೆ ಹೊರಳಿ ಊಟ ಆಯ್ತಾ ಅಂತ ಕೇಳಿದಳು. ನಿನ್ನದು ಪ್ರೀತಿಯ ನಗುವೇ, ನನಗೆ ಗೊತ್ತು. ಆದರೆ ಅವಳು ಹೆದರುವುದು ಆ ಪರೀಕ್ಷಕರಿಗಲ್ಲ ಕಣ್ಲಾ, ನಿನಗೆ. ಸ್ಪೀಡ್ ಪೋಸ್ಟು ಮಾಡುತ್ತಿದ್ದೇನೆ, ಬುಧವಾರದೊಳಗೆ ನಿನ್ನ ಕೈ ಸೇರುತ್ತದೆ. ಅವತ್ತು ಸಂಜೆ ಫೋನು ಮಾಡಿ, ಕುಂಬಾರನ ಪಾಠ ನನಗೂ ಮಾಡು ಅಂತ ಕೇಳು. ಅವಳು ತಪ್ಪಿದರೆ ತಪ್ಪಲಿ, ಸುಮ್ಮನೆ ಕೇಳಿಸಿಕೋ. ಪ್ರಶ್ನೆ ಕೇಳಿದರೆ ಜೋರಾಗಿ ಉತ್ತರ ಹೇಳು. ಪುಸ್ತಕ ನಾನು ಅಟ್ಟದಿಂದ ಇಳಿಸಿಟ್ಟಿರುತ್ತೇನೆ. ಉತ್ತರದ ಕೊನೆಗೆ "ಮಿಸ್" ಅನ್ನುವುದನ್ನು ಮಾತ್ರ ಮರೆಯಬೇಡ, ಇಲ್ಲಿ ನಾವಿಬ್ಬರೂ ಹಾಗೇ ಅನ್ನುತ್ತೇವೆ.