ಎಡಗಡೆಯ ಮರೆಯಿಂದ

ಚಿಕ್ಕಮ್ಮನ ಮನೆ, ಮಹಡಿ ಕೋಣೆ
ಮಂಗಳವಾರ, ಊಟವಾದ ಮೇಲೆ

ಮೂರು ಅಂಕಗಳ ಮಹಾರಾಣಿಯೂ, ಬಣ್ಣ ಅಳಿಸಿದ ಮೇಲೆ ನನ್ನ ಹೆತ್ತವಳೂ ಆದ ಅಮ್ಮನಿಗೆ,

ಗಂಟೆ ಬಾರಿಸಲಿ! ಪರದೆ ಮೇಲೇಳಲಿ! ರಂಗದ ನಟ್ಟನಡುವೆ ನಿನ್ನ ಮಗಳು ನಿಂತಿದ್ದಾಳೆ. ಕೈಯಲ್ಲಿ ರಸಾಯನಶಾಸ್ತ್ರದ ಪದವಿ, ತಲೆಯೊಳಗೆ ಗೊಂದಲದ ಸಂತೆ. ಆ ಕಡೆ ಹೋಗಲೇ, ಈ ಕಡೆ ಬರಲೇ? ಮಾತು ಎತ್ತಿಕೊಡುವವರು ಯಾರು? ಯಾರೂ ಇಲ್ಲ! ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್ ಇವಳೇ ತಾನೇ? ಎಡಗಡೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ಅಪ್ಪನಿಂದ ಹಿಡಿದು ಈಟಿ ಹಿಡಿದ ಭಟನವರೆಗೆ ಎಲ್ಲರ ಮಾತನ್ನೂ ಪಿಸುಗುಟ್ಟುತ್ತ ಬೆಳೆದವಳಿಗೆ ತನ್ನ ಮಾತು ಯಾವುದೆಂದೇ ತಿಳಿಯದು.

ನಗಬೇಡ. ಇಲ್ಲ, ನಗು. ಮುಂದಿನದನ್ನು ಓದಿದರೆ ಹೇಗೂ ನಗುತ್ತೀಯ.

ನಿನ್ನೆ ಗಾಜಿನ ಕಾರ್ಖಾನೆಯಲ್ಲಿ ಸಂದರ್ಶನ. ಮೇಜಿನಾಚೆ ಮ್ಯಾನೇಜರು, ತಲೆಯೂ ಕಾರ್ಖಾನೆಯ ಮಾಲಿನಷ್ಟೇ ನುಣುಪು. ಪಕ್ಕದಲ್ಲಿ ಪ್ರಯೋಗಾಲಯದ ಮೇಡಂ. ಮ್ಯಾನೇಜರು ಎದೆ ಸೆಟೆಸಿ, 'ನಮ್ಮ ಕಾರ್ಖಾನೆಯ ಧ್ಯೇಯ ಏನಪ್ಪಾ ಅಂದ್ರೆ...' ಎಂದವರು ಅಲ್ಲಿಗೇ ನಿಂತರು. ಕಣ್ಣು ಮೇಲಕ್ಕೆ ಹೋಯಿತು, ಬೆರಳು ಗಾಳಿಯಲ್ಲೇ ಉಳಿಯಿತು. ಅಮ್ಮಾ, ಆ ಮುಖ ನನಗೆ ಗೊತ್ತಿಲ್ಲವೇ? ಅಪ್ಪನದು ವಾರಕ್ಕೊಮ್ಮೆ ಹಾಗಾಗುತ್ತದೆ! ನನ್ನ ತಲೆ ತಾನಾಗಿ ಬಗ್ಗಿತು, ಅಂಗೈ ಬಾಯಿಗೆ ಅಡ್ಡ ಹೋಯಿತು. ಗೇಟಿನ ಫಲಕದಲ್ಲಿ ಓದಿಕೊಂಡದ್ದನ್ನು ಪಿಸುಗುಟ್ಟಿದೆ: 'ಬಿರುಕಿಲ್ಲದ ಗಾಜು, ಬಿರುಕಿಲ್ಲದ ನಂಬಿಕೆ.' ಅವರು ಅದನ್ನೇ ಹಿಡಿದು ಗುಡುಗಿಬಿಟ್ಟರು! ನೀರು ಕುಡಿಯುತ್ತಿದ್ದ ಮೇಡಂಗೆ ನಗು ತಡೆಯದೆ ನೆತ್ತಿಗೇರಿತು.

ಗುಡುಗು ಮುಗಿದ ಮೇಲೆ ಮ್ಯಾನೇಜರು ನನ್ನನ್ನೇ ದಿಟ್ಟಿಸಿ, 'ನನ್ನ ಪಾಠ ಒಪ್ಪಿಸಿದ್ದಾಯ್ತು, ಈಗ ನಿನ್ನದು ಹೇಳಮ್ಮ. ಇಲ್ಲಿಗೆ ಯಾಕೆ ಬಂದೆ?' ಎಂದರು. ನಾನು ಏನು ಮಾಡಿದೆ ಗೊತ್ತೇ? ಎಡಕ್ಕೆ ತಿರುಗಿ ನೋಡಿದೆ. ಅಲ್ಲೊಂದು ಬೀರು ಇತ್ತು. ಬೀರು ಬಾಯಿ ಬಿಡಲಿಲ್ಲ. ಕಡೆಗೆ, 'ಬಾಟಲಿಯ ಗಾಜಿನೊಳಗೆ ಗುಳ್ಳೆ ಯಾಕೆ ಬರುತ್ತೆ ಅಂತ ನೋಡ್ಬೇಕು ಸಾರ್' ಎಂದುಬಿಟ್ಟೆ. ಯಾರ ಪಾತ್ರದ ಮಾತೂ ಅಲ್ಲ ಅದು. ಎಲ್ಲಿಂದ ಬಂತೋ!

ಮೇಡಂ ಎದ್ದು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಅಲ್ಲೊಂದು ದೀಪ, ಅದರ ಮುಂದೆ ಎರಡು ಕಪ್ಪು ಗಾಜಿನ ಹಲಗೆ. ನಡುವೆ ಬಾಟಲಿ ಹಿಡಿದರೆ, ಬರಿಗಣ್ಣಿಗೆ ಕಾಣದ ಬಿಗಿತವೆಲ್ಲ ಬಣ್ಣಬಣ್ಣದ ಎಳೆಯಾಗಿ ಮೂಡುತ್ತದೆ. 'ಹೊರಗೆ ಥಳಥಳ ಅಂತಿರುತ್ತೆ, ಒಳಗೆ ಇಷ್ಟು ಬಿಗಿ. ಒಂದಿನ ಸುಮ್ಮನೆ ನಿಂತಲ್ಲೇ ಒಡೆದುಹೋಗುತ್ತೆ' ಎಂದರು ಮೇಡಂ. ನಾನು ಒಂದೊಂದೇ ಬಾಟಲಿ ಎತ್ತಿ ನೋಡುತ್ತ ನಿಂತವಳು ಬಸ್ಸು ತಪ್ಪಿಸಿಕೊಂಡೆ.

ಕೆಲಸ ಕೊಟ್ಟಿದ್ದಾರೆ. ಬರುತ್ತೀಯೋ ಇಲ್ಲವೋ, ಶುಕ್ರವಾರ ಹೇಳು ಎಂದಿದ್ದಾರೆ. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಹೂಂ ಎಂದೆ, ಮುಖ ಒರೆಸಿಕೊಳ್ಳುವಷ್ಟರಲ್ಲಿ ಉಹೂಂ. 'ಕೈಗೆ ಬಂದದ್ದು ಬಾಯಿಗೆ ಹೋಗೋ ಹೊತ್ತಲ್ಲಿ ನಾಟಕ ಆಡ್ತಾಳೆ, ರಕ್ತದಲ್ಲೇ ಬಂದಿದೆ' ಎಂದು ಚಿಕ್ಕಪ್ಪನ ಗೊಣಗಾಟ. ಅಪ್ಪನಂತೂ ಫೋನಿನಲ್ಲೇ ಅಬ್ಬರಿಸಿದರು: 'ನೀನಿಲ್ಲದೆ ಕಂಪನಿ ಮೂಕವಾಯ್ತು ಮಗಳೇ!' ಮೂಕವಾದವರು ಊರಿಗೆಲ್ಲ ಕೇಳಿಸುವಂತೆ ಹೇಳಿದರು. ನೀನೊಬ್ಬಳೇ, 'ನಿನ್ನ ದಾರಿ ನೀನು ನೋಡ್ಕೋ, ನಾನು ಒಂದು ಮಾತೂ ಆಡಲ್ಲ' ಎಂದು ಸುಮ್ಮನಾದೆ. ಅಪ್ಪನ ಅಬ್ಬರಕ್ಕೆ ನನ್ನ ಬಳಿ ಉತ್ತರವಿದೆ ಅಮ್ಮಾ. ನಿನ್ನ ಸುಮ್ಮನಿರುವಿಕೆಗೆ ಇಲ್ಲ.

ಪರದೆ ಬರೆಯುವ ಮಾವ ಬಣ್ಣ ಕೊಳ್ಳಲು ಬಂದವರು ಇಲ್ಲಿಗೂ ಬಂದಿದ್ದಾರೆ. ಭಾನುವಾರದ ಆಟದ ಸುದ್ದಿ ಹೇಳಿದರು. ಸಭೆಯ ದೃಶ್ಯ. ರಾಜಕುಮಾರಿ ಕೋಟೆ ಬಿಟ್ಟು ಹೊರಟಿದ್ದಾಳೆ, 'ಮಹಾರಾಣಿ, ಅಪ್ಪಣೆ ಏನು?' ಎಂದು ಮಂತ್ರಿ ಕೇಳುತ್ತಾನೆ. 'ನಿಮ್ಮಮ್ಮ ನಿಂತ್ರು ನೋಡು, ತುಟಿಪಿಟಕ್ ಅನ್ಲಿಲ್ಲ! ಏನ್ ಅಭಿನಯ! ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಆಮೇಲೆ ನಿಮ್ಮಪ್ಪ ಪರದೆ ಇಳಿಸಿದ್ರು' ಎಂದರು.

ಅಲ್ಲಿ ಮೌನವಿಲ್ಲ ಅಮ್ಮಾ. ಅಲ್ಲೊಂದು ಮಾತಿದೆ.

ಜನಕ್ಕೆ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ನನ್ನ ಫಲಿತಾಂಶ ಬಂದಾಗಿನಿಂದ ಪ್ರತಿ ಆಟದಲ್ಲೂ ಅದೇ ಜಾಗಕ್ಕೆ ಬಂದಾಗ ನಿನ್ನ ಕಣ್ಣು ಎಡಕ್ಕೆ ಹೊರಳುತ್ತಿತ್ತು. ನಾನು ಎತ್ತಿಕೊಡುತ್ತಿದ್ದೆ, ನೀನು ಹೇಳುತ್ತಿದ್ದೆ. ಒಳಗೆ ಬಂದ ಮೇಲೆ ನೀನು ಕಿರೀಟ ತೆಗೆಯುತ್ತಿದ್ದೆ, ನಾನು ಪಿನ್ನು ಹಿಡಿಯುತ್ತಿದ್ದೆ. ಇಬ್ಬರೂ ಆ ವಿಷಯ ಎತ್ತಲಿಲ್ಲ. ಉಳಿದ ಮಾತೆಲ್ಲ ನಿನಗೆ ನಿದ್ದೆಯಲ್ಲೂ ಬರುತ್ತದೆ. ಅದೊಂದು ಮಾತ್ರ ಮರೆವೇ? ಮರೆವಾದರೆ ವೈದ್ಯರಿದ್ದಾರೆ, ನಾನಿದ್ದೇನೆ, ಗಾಜೂ ಬೇಡ ಗುಳ್ಳೆಯೂ ಬೇಡ, ನಾಳೆಯೇ ಬಂದು ಸ್ಟೂಲಿನ ಮೇಲೆ ಕೂರುತ್ತೇನೆ. ಮರೆವಲ್ಲದಿದ್ದರೆ?

ಇರಲಿ. ಚಿಕ್ಕಮ್ಮ ಕ್ಷೇಮ. ಅವಳ ಹೊಲಿಗೆ ಯಂತ್ರ ಕೆಟ್ಟಿದೆ. ಇಲ್ಲಿನ ಕಿಟಕಿಯಿಂದ ಎದುರು ಮನೆಯ ಹಿತ್ತಲು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮಾವ ಕೆಳಗಿನಿಂದ, 'ಪತ್ರ ಬರೀತಿದ್ದೀಯೋ, ಪುರಾಣ ಬರೀತಿದ್ದೀಯೋ?' ಎಂದು ಕೂಗುತ್ತಿದ್ದಾರೆ. ಇದನ್ನು ಅವರ ಕೈಯಲ್ಲೇ ಕಳಿಸುತ್ತೇನೆ.

ಏನೂ ತಿಳಿಯದೆ ಎಲ್ಲವನ್ನೂ ಬರೆದ,
ನಿನ್ನ ಪಿಸುಗುಬ್ಬಿ

ಮರೆತಿದ್ದೆ: ಗುರುವಾರದ ಆಟಕ್ಕೆ ಬರುತ್ತೇನೆ. ಎಡಕ್ಕೆ ನೋಡಬೇಡ, ಅಲ್ಲಿರುವುದಿಲ್ಲ. ಜನರ ನಡುವೆ, ಕೊನೆಯ ಸಾಲಿನಲ್ಲಿ ಕುಳಿತಿರುತ್ತೇನೆ. ಮಾತು ಇದು, ಈಗಲೇ ಎತ್ತಿಕೊಟ್ಟಿದ್ದೇನೆ: 'ತೆರೆಯಿರಿ ಕೋಟೆಯ ಬಾಗಿಲನ್ನು! ಹೋಗುತ್ತಿರುವವಳು ನನ್ನ ಮಗಳು!' ಆಟ ಮುಗಿದ ಮೇಲೆ ಒಳಗೆ ಬರುತ್ತೇನೆ, ಮರೆತಿದ್ದರೆ ಹೇಳು, ಆ ಕ್ಷಣವೇ ಸ್ಟೂಲು ಎಳೆದುಕೊಳ್ಳುತ್ತೇನೆ. ಮರೆತಿಲ್ಲ ಅಂತಾದರೆ, ನೀನು ಹೇಳದಿದ್ದರೂ ಶುಕ್ರವಾರ ಹೂಂ ಎನ್ನುತ್ತೇನೆ. ಆದರೂ ಹೇಳಮ್ಮ. ಕೊನೆಯ ಸಾಲಿಗೆ ಕೇಳಿಸುವಂತೆ.