ಹಲಗೆಯಲ್ಲಿ ಸಿಕ್ಕಿಕೊಂಡವನ ಹರಾಜು

ಮಂಕೇಟೋ, ಮಿನೆಸೋಟ
ಸೆಪ್ಟೆಂಬರ್ ೧೭, ಮಂಗಳವಾರ

ನನ್ನ ಮುದ್ದು ಬ್ರಿಟಾ,

ಹೇಗಿದ್ದೀಯ? ಅಲಾಸ್ಕಾದಲ್ಲಿ ಆಗಲೇ ಹಿಮ ಬೀಳಲು ಶುರುವಾಗಿದೆಯೆಂದು ಟೀವಿಯಲ್ಲಿ ಹೇಳಿದರು. ನಿನ್ನ ಕೆಮ್ಮು ಹೋಯಿತೋ ಇಲ್ಲವೋ? ತರಗತಿಯಲ್ಲಿ ಮಕ್ಕಳ ಮೇಲೆ ಕಿರುಚಿ ಗಂಟಲು ಕೆಡಿಸಿಕೊಳ್ಳಬೇಡ. ಮಲಗುವ ಮುಂಚೆ ಬಿಸಿನೀರಿಗೆ ಜೇನುತುಪ್ಪ ಹಾಕಿಕೊಂಡು ಕುಡಿ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿಮ್ಮಪ್ಪನ ಬಲಗೈಗೆ ಸ್ವಲ್ಪ ಶಕ್ತಿ ಬಂದಿದೆ, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಮಾತಿನ ವಿಷಯವನ್ನು ಬರೆಯಬೇಕೆಂದೇ ಕೂತಿದ್ದೇನೆ, ತಾಳು.

ನೀನು ಕಳಿಸಿದ ಟಿಕೆಟ್ಟಿನಲ್ಲಿ ಶನಿವಾರ ರಿನೈಸಾನ್ಸ್ ಮೇಳಕ್ಕೆ ಹೋಗಿ ಬಂದೆವು. ಹೌದು ಕಣೇ, ಇಬ್ಬರೂ! ಕಾಲೇಜಿನ ದಿನಗಳಲ್ಲಿ ನೀನು ತಲೆಗೆ ಹೂವಿನ ದಂಡೆ ಇಟ್ಟುಕೊಂಡು ಅಲ್ಲಿ ಕುಣಿಯುತ್ತಿದ್ದಾಗಲೂ ಬಾರದ ಮನುಷ್ಯ ಅವರು. "ದೊಡ್ಡ ದೊಡ್ಡ ಗಂಡಸರು ಬಿಗಿ ಚಡ್ಡಿ ಹಾಕ್ಕೊಂಡು ಐನೂರು ವರ್ಷದ ಹಿಂದಿನ ಇಂಗ್ಲೆಂಡಿನವರ ಥರ ಆಡೋದನ್ನ ನಾನು ನೋಡಬೇಕಾ? ನಮ್ಮ ದನದ ಹರಾಜಿಗೆ ಬಾ, ಅಲ್ಲಿ ತಮಾಷೆ ಪುಕ್ಕಟೆ" ಅನ್ನುತ್ತಿದ್ದರಲ್ಲ. ಆಗ ಅದು ಬರೀ ಜಂಬ. ಈಗಿನ ಹಟವೇ ಬೇರೆ. ಅರಳು ಹುರಿದ ಹಾಗೆ ಹರಾಜು ಕೂಗಿ ಒಂದೇ ಮಧ್ಯಾಹ್ನ ದೊಡ್ಡಿಗಟ್ಟಲೆ ಕರು ಮಾರುತ್ತಿದ್ದ ಬಾಯಿ, ಚಳಿಗಾಲದಲ್ಲಿ ಲಕ್ವ ಹೊಡೆದ ಮೇಲೆ, 'ಉಪ್ಪು ಕೊಡು' ಅನ್ನುವುದಕ್ಕೂ ತಡವರಿಸುತ್ತದೆ. ಚರ್ಚಿಗೆ ಬಂದರೂ ಒಳಗೆ ಬರುವುದಿಲ್ಲ, ಕಾರಿನಲ್ಲೇ ಕೂರುತ್ತಾರೆ. ಒಳಗೆ ಬನ್ನಿ ಅಂತ ಹೇಳುವುದಾದರೂ ಹೇಗೆ? ಜನ ಅವರ ಎದುರಿಗೇ ನಿಂತು "ಆರ್ಲಿಸ್, ನಿಮ್ಮ ವರ್ಲಿನ್ ಕಾಫಿಗೆ ಸಕ್ಕರೆ ಹಾಕ್ಕೋತಾರಾ?" ಅಂತ ನನ್ನನ್ನು ಕೇಳುತ್ತಾರೆ. ಒಳ್ಳೆಯ ಜನವೇ. ಆದರೆ ನಿಮ್ಮಪ್ಪನ ಮುಖ ಬಾಡುವುದನ್ನು ನೋಡುವವಳು ನಾನು.

ಹೊರಡಿಸಿದ್ದು ಹೇಗೆಂದು ಕೇಳಬೇಡ. ಮೇಳಕ್ಕೆ ನೀನು ಹಾಕುತ್ತಿದ್ದ ಹಳೇ ಹಸಿರು ಲಂಗ ಉಟ್ಟುಕೊಂಡು (ಸೊಂಟಕ್ಕೆ ಪಿನ್ನು ಹಾಕಬೇಕಾಯಿತು, ನಗಬೇಡ) ಕಾರಿನ ಬೀಗದ ಕೈ ಅಲ್ಲಾಡಿಸುತ್ತಾ ಬಾಗಿಲಲ್ಲಿ ನಿಂತೆ. "ನೀನು... ಹೋಗು" ಅಂದರು. "ಈ ವೇಷದಲ್ಲಿ ಒಬ್ಬಳೇ ಪೆಟ್ರೋಲ್ ಹಾಕಿಸ್ಕೊಳ್ಳೋಕೆ ಇಳಿದರೆ ಊರೆಲ್ಲ ಏನಂದ್ಕೊಳ್ಳುತ್ತೆ?" ಅಂದೆ. ಗೊಣಗುತ್ತಾ ಟೋಪಿ ಎತ್ತಿಕೊಂಡರು. ಅದೇ, ಬಿತ್ತನೆ ಬೀಜದ ಕಂಪನಿಯ ಮಾಸಿದ ಟೋಪಿ.

ಒಳಗೆ ನೀನು ಕಂಡದ್ದೇ ಎಲ್ಲ: ಧೂಳು, ಕೊಳಲು, ಸುಟ್ಟ ಟರ್ಕಿ ಕೋಳಿಯ ಕಾಲಿನ ಹೊಗೆ. ಎದುರು ಸಿಕ್ಕ ವೇಷದ ಸಿಪಾಯಿಗಳು "ಶುಭದಿನ, ಸ್ವಾಮಿ" ಎಂದು ತಲೆಬಾಗಿದಾಗಲೆಲ್ಲ ನಿಮ್ಮಪ್ಪ ನೆಲ ನೋಡುತ್ತಿದ್ದರು. ಇನ್ನು ಮನೆಗೆ ಹೋಗುವುದೇ ಸರಿ ಅಂದುಕೊಳ್ಳುವಷ್ಟರಲ್ಲಿ ಟೊಮ್ಯಾಟೊ ಎಸೆಯುವ ಅಂಗಡಿ ಬಂತು. ಕತ್ತು, ಕೈ ಎರಡನ್ನೂ ಮರದ ಹಲಗೆಯ ತೂತಿನಲ್ಲಿ ಸಿಕ್ಕಿಸಿಕೊಂಡು, ಹೋಗಿ ಬರುವವರನ್ನೆಲ್ಲ ಬಯ್ಯುವುದೇ ಅಲ್ಲಿಯವನ ಕೆಲಸ. ಸಿಟ್ಟು ಬಂದವರು ಟೊಮ್ಯಾಟೊ ಕೊಂಡು ಅವನ ಮುಖಕ್ಕೆ ಹೊಡೆಯಬೇಕು. ಅವನ ಕಣ್ಣು ನೇರ ನಿಮ್ಮಪ್ಪನ ಮೇಲೆ ಬಿತ್ತು.

"ಏಯ್ ಟ್ರ್ಯಾಕ್ಟರ್ ಟೋಪಿ! ಆ ಮುಖ ಇಟ್ಕೊಂಡು ಹಾಲಿನ ಅಂಗಡಿ ಕಡೆ ಹೋಗ್ಬೇಡಪ್ಪಾ, ಎಲ್ಲಾ ಒಡೆದು ಹೋಗುತ್ತೆ! ಹೆಂಡ್ತಿ ಮೂಗುದಾರ ಹಾಕಿ ಎಳ್ಕೊಂಡು ಬಂದ್ಲಾ?"

ಅಪ್ಪ ನಿಂತುಬಿಟ್ಟರು. ಬಾಯಿ ತೆರೆಯಿತು. "ನೀ... ನೀ..." ಅಷ್ಟೇ. ಜನ ತಿರುಗಿ ನೋಡಿದರು. ನಾನೇ ಮುಂದೆ ಹೋಗಿ, "ಇವರಿಗೆ ಹುಷಾರಿಲ್ಲಪ್ಪ..." ಎಂದು ಶುರುಮಾಡಿದೆ. ಅಪ್ಪ ಎಡಗೈ ಅಡ್ಡ ಇಟ್ಟು ನನ್ನನ್ನು ತಡೆದರು.

"ಅಮ್ಮಾವ್ರೇ, ನೀವು ಸುಮ್ನಿರಿ. ಜಗಳ ನನಗೂ ಅವರಿಗೂ" ಅಂದ ಹಲಗೆಯವನು. "ಹೇಳಯ್ಯಾ ಮುದುಕಾ, ನಿಧಾನಕ್ಕೇ ಬಯ್ಯಿ. ನನ್ನ ಕತ್ತು ಇಲ್ಲಿ ಸಿಕ್ಕಾಕ್ಕೊಂಡಿದೆ, ನಾನೆಲ್ಲಿಗೆ ಓಡಿ ಹೋಗ್ಲಿ?"

ಆಮೇಲೆ ಬಾಯಿಮುಚ್ಚಿಕೊಂಡು ನಿಜವಾಗಿಯೂ ಕಾದ, ಬ್ರಿಟಾ! ಅವನು ಕಾದದ್ದು ನೋಡಿ ಜನವೂ ಕಾದರು. ಯಾರೂ ಪದ ಎತ್ತಿಕೊಡಲಿಲ್ಲ, ಅಯ್ಯೋ ಪಾಪ ಅನ್ನಲಿಲ್ಲ. ಅಪ್ಪನ ಕತ್ತಿನ ನರ ಉಬ್ಬಿತ್ತು. ಕೊನೆಗೆ ಬಂತು.

"ಈ... ಕರು. ಬಾಯಿ... ದೊಡ್ಡದು. ಮೈಯಲ್ಲಿ... ಮಾಂಸ ಇಲ್ಲ." ಒಂದು ಉಸಿರು ತೆಗೆದುಕೊಂಡರು. "ಒಂದು ಡಾಲರ್, ಒಂದು, ಒಂದು, ಯಾರು ಎರಡು, ಎರಡು, ಎರಡು ಕೊಡೋರು ಯಾರು, ಎರಡು ಬೇಡ್ವಾ, ಒಂದೂವರೆ, ಒಂದೂವರೆ, ಬನ್ನಿ ಬನ್ನಿ..."

ಅದೇ ಏರಿಳಿತ, ಅದೇ ಓಟ! ಮಾತಿಗೆ ತೊಡರುವ ನಾಲಿಗೆ ಆ ರಾಗಕ್ಕೆ ತೊಡರಲೇ ಇಲ್ಲ. ಜರತಾರಿ ನಿಲುವಂಗಿಯ ಹೆಂಗಸೊಬ್ಬಳು "ಅರ್ಧ ಡಾಲರ್! ಅದೂ ಬಾಯಿಗೆ ಹೊಲಿಗೆ ಹಾಕಿಕೊಟ್ರೆ!" ಎಂದು ಕೂಗಿದಳು. ಅಪ್ಪ ತೊಡೆ ತಟ್ಟಿ "ಹೋಯ್ತು!" ಅಂದರು. ನೆರೆದವರೆಲ್ಲ ಹೋ ಎಂದು ಕಿರುಚಿದರು. "ಅರ್ಧ ಡಾಲರಿಗಾ? ನಮ್ಮಮ್ಮ ಕೇಳಿದ್ರೆ ಎದೆ ಬಡ್ಕೋತಾಳೆ!" ಎಂದು ಹಲಗೆಯವನು ಗೋಳಾಡಿದ. ಅಪ್ಪ ಎಡಗೈಯಲ್ಲಿ ಎಸೆದ ಟೊಮ್ಯಾಟೊ ಗೋಡೆಗೆ ಬಿತ್ತು. "ಗುರಿ ತಪ್ಪಿತು, ಬಾಯಿ ತಪ್ಪಲಿಲ್ಲ! ಗೆದ್ದೆ ಬಿಡು ಯಜಮಾನಾ" ಅಂದ ಪುಣ್ಯಾತ್ಮ.

ನಾನು ಉಪ್ಪಿನಕಾಯಿ ಗಾಡಿಯ ಹಿಂದೆ ಹೋಗಿ ನಿನ್ನ ಲಂಗದಲ್ಲೇ ಕಣ್ಣೊರೆಸಿಕೊಂಡೆ. ಒಗೆದಿಡುತ್ತೇನೆ.

ಎಲ್ಲ ಸರಿಹೋಯಿತೆಂದು ತಿಳಿಯಬೇಡ. ಊಟದ ಸಾಲಿನಲ್ಲಿ 'ಟರ್ಕಿ' ಅನ್ನುವ ಪದ ಬರಲೇ ಇಲ್ಲ, ಬೆರಳು ತೋರಿಸಿದರು. ಆದರೆ ಸಾಲಿನಲ್ಲಿ ನಿಂತದ್ದು ಅವರೇ. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಟ್ಟೆ ತಂದಿಟ್ಟರು. ವಾಪಸು ಬರುವಾಗ ಜೋಳದ ಹೊಲಗಳ ನಡುವೆ ಒಮ್ಮೆ ತಮ್ಮಷ್ಟಕ್ಕೇ ನಕ್ಕು, "ಅರ್ಧ... ಜಾಸ್ತಿಯೇ" ಅಂದರು. ಏಳೆಂಟು ತಿಂಗಳಿಂದ ನಾನು ದೇವರಲ್ಲಿ ಏನೇನೋ ಕೇಳಿಕೊಂಡಿದ್ದೆ. ಇವರನ್ನು ಬಯ್ಯುವವನೊಬ್ಬನನ್ನು ಕಳಿಸು ಎಂದು ಕೇಳಲು ಮಾತ್ರ ತೋಚಿರಲಿಲ್ಲ. ನಿನಗೆ ತೋಚಿತೋ, ಸುಮ್ಮನೆ ಟಿಕೆಟ್ ಕಳಿಸಿದೆಯೋ, ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ.

ಬೆಚ್ಚಗೆ ಉಡು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಟೀಚರುಗಳಿಗೆಲ್ಲ ನಾನು ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಒಂದು ವಿಷಯ ಮರೆತಿದ್ದೆ. ಅಂಚೆಯವನ ಗಾಡಿ ಬೀದಿಯ ತುದಿಗೆ ಬಂದಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಭಾನುವಾರ ನೀನು ಫೋನ್ ಮಾಡಿದಾಗ ಅಪ್ಪ ತಾವೇ ಎತ್ತುತ್ತಾರಂತೆ. ಬರೆಯೆಂದು ನನ್ನ ತಲೆಯ ಮೇಲೇ ನಿಂತಿದ್ದಾರೆ. ಆ ಕಡೆಯಿಂದ ಏನೂ ಕೇಳಿಸದಿದ್ದರೆ ಲೈನ್ ಹೋಯಿತೆಂದು ಇಟ್ಟುಬಿಡಬೇಡ. ಅಪ್ಪ ಅಲ್ಲೇ ಇರುತ್ತಾರೆ. ಕಾಯು.